‘ಲಾಕ್ ತೆಗೀರಿ ಮೇಡಂ’ ಅಂದಾಗ

ನನ್ನ ಫೋನಿನಲ್ಲಿ ನನ್ನದು ಅಂತ ಇರುವುದು ಸ್ವಲ್ಪವೇ. ಮಗಳ ಫೋಟೊ, ಗ್ಯಾಸ್ ಬುಕಿಂಗ್ ಮೆಸೇಜು, ಕೇಳಲು ಇಟ್ಟುಕೊಂಡ ಒಂದಿಷ್ಟು ತತ್ವಪದ. ಉಳಿದದ್ದೆಲ್ಲ ಬೇರೆಯವರದು. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘದ ಕೆಲಸ ಮಾಡಿಕೊಂಡು ಬಂದವಳು ನಾನು. ಗಂಡ ಹೊಡೆದ ಗಾಯದ ಫೋಟೊ ನಡುರಾತ್ರಿಯಲ್ಲಿ ಬರುತ್ತದೆ. ‘ಅಕ್ಕಾ, ಅಮಾಸಿ ಆದಮ್ಯಾಲ ನನ್ನ ಲಗ್ನ ಮಾಡ್ತಾರಂತ, ಹ್ಯಾಂಗರ ಮಾಡಿ ನಿಲ್ಲಸ್ರಿ’ ಅಂತ ಹೈಸ್ಕೂಲಿನ ಹುಡುಗಿ ವಾಯ್ಸ್ ಮೆಸೇಜ್ ಹಾಕಿರುತ್ತಾಳೆ. ಬೆಂಗಳೂರಿಗೆ, ಪುಣೆಗೆ ಗುಳೆ ಹೋದವರ ಆಧಾರ್, ಜಾಬ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಹಾಳೆ. ಮುತ್ತು ಕಟ್ಟಿಸಿಕೊಂಡ, ಅಂದರೆ ದೇವದಾಸಿಯಾದ, ತಾಯಿಯ ಮಗಳೊಬ್ಬಳು ಕಾಲೇಜಿನ ಅರ್ಜಿಯಲ್ಲಿ ಅಪ್ಪನ ಹೆಸರಿನ ಜಾಗದಲ್ಲಿ ಏನು ಬರೆಯಲಿ ಅಂತ ಕೇಳಿದ ಮೆಸೇಜು.

ಇವರು ಯಾರೂ ಮೂರನೆಯವರು ನೋಡಲಿ ಅಂತ ಕಳಿಸಿದವರಲ್ಲ. ನನ್ನನ್ನು ನಂಬಿ ಕಳಿಸಿದ್ದಾರೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಕಾನೂನೇ ಅಷ್ಟು ಜೋಪಾನ ಮಾಡು ಅನ್ನುವ ವಿಷಯ ನನ್ನ ಜಂಪರಿನ ಪಕ್ಕದ ಪರ್ಸಿನಲ್ಲಿ ದಿನಾ ಊರೂರು ತಿರುಗುತ್ತದೆ. ಹಾಗಾಗಿ ಫೋನ್ ಕಾಯುವುದೂ ನಮ್ಮ ಸಂಘದ ಕೆಲಸವೇ ಆಯಿತು. ಏನೇನು ಮಾಡಿದೆವು, ಯಾವುದು ಕೆಲಸಕ್ಕೆ ಬಂತು, ಎಲ್ಲಿ ಕಷ್ಟ ಆಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮಗೆ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ. ದೊಡ್ಡ ಆಸ್ಪತ್ರೆಗೂ ಅಲ್ಲಿಗೇ, ವಿಮಾನಕ್ಕೂ ಅಲ್ಲಿಗೇ ಹೋಗುವುದು. ಶಕ್ತಿನಗರ ದಾಟಿ ಕೃಷ್ಣಾ ಸೇತುವೆ ಹತ್ತಿದರೆ ಆಚೆ ದಡ ತೆಲಂಗಾಣ. ಮಾಮೂಲಿ ದಿನಗಳಲ್ಲಿ ಗಡಿ ಅಂತಲೇ ಅನ್ನಿಸುವುದಿಲ್ಲ. 2023ರ ನವೆಂಬರಿನಲ್ಲಿ ಅಲ್ಲಿ ವಿಧಾನಸಭೆ ಚುನಾವಣೆ ಇತ್ತು. 50,000 ರೂಪಾಯಿಗಿಂತ ಜಾಸ್ತಿ ನಗದು ಇಟ್ಟುಕೊಂಡು ಕಾಗದ ತೋರಿಸದಿದ್ದರೆ ಹಿಡಿದಿಡುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಬಸ್ ನಿಲ್ಲಿಸಿದರು, ಚೀಲ ನೋಡಿದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನನ್ನ ಮುಂದಿನ ಸೀಟಿನ ಹುಡುಗನ ಚೀಲ ನೋಡಿದ ಮೇಲೆ ‘ಫೋನ್ ಕೊಡು, ವಾಟ್ಸ್ಆ್ಯಪ್ ತೆಗಿ’ ಅಂದರು. ಅವನು ತೆಗೆದುಕೊಟ್ಟ. ನಿಂತಲ್ಲೇ ಬೆರಳಾಡಿಸುತ್ತಾ ಓದಿದರು. ಗ್ಯಾಲರಿಗೆ ಹೋದರು. ಹುಡುಗನ ಕಿವಿ ಕೆಂಪಾಗಿತ್ತು. ಏನೂ ಸಿಗಲಿಲ್ಲ, ಫೋನ್ ವಾಪಸ್ ಕೊಟ್ಟು ಇಳಿದು ಹೋದರು. ನನ್ನ ಫೋನ್ ಕೇಳಲಿಲ್ಲ. ಕೇಳಿದ್ದರೆ ಅನ್ನುವ ಯೋಚನೆಯಲ್ಲೇ ಮಹಬೂಬ್‌ನಗರದ ತನಕ ಕೂತಿದ್ದೆ.

2021ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬೀದಿಗಳಲ್ಲಿ ಗಾಂಜಾ ಹುಡುಕುವ ನೆಪದಲ್ಲಿ ಪೊಲೀಸರು ಬೈಕ್ ಸವಾರರ ಚಾಟ್ ತೆಗೆಸಿ ನೋಡಿದ ವಿಡಿಯೊ ಎಲ್ಲ ಕಡೆ ಓಡಾಡಿತ್ತು. ಆಗ ಬಹಳ ಜನ ಪ್ರತಿಭಟಿಸಿದರು. ದಾರಿಯಲ್ಲಿ ಹೋಗುವವರ ಫೋನನ್ನು ಯಾವ ಕಾನೂನಿನಡಿ ಓದುತ್ತೀರಿ ಅಂತ ಕೇಳಿದರು. ನಮ್ಮ ಸಂಘಕ್ಕೆ ಸಲಹೆ ಕೊಡುವ ವಕೀಲರನ್ನು ನಾನೂ ಅದನ್ನೇ ಕೇಳಿದೆ. ಹಣ ಹುಡುಕುವ ಅಧಿಕಾರ ಚಾಟ್ ಓದುವ ಅಧಿಕಾರ ಆಗುವುದಿಲ್ಲ ಅಂದರು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ‘ಆದ್ರ ಅಕ್ಕಾ, ರೋಡಿನ್ಯಾಗ ನಿಂತು ಕಲಂ ಹೇಳಾಕ ಆಗಲ್ಲ. ಮನ್ಯಾಗೇ ತಯಾರಿ ಮಾಡ್ಕೊಂಡು ಹೊಂಡ್ರಿ’ ಅಂತಲೂ ಸೇರಿಸಿದರು. ಅವರ ಈ ಮಾತಿನಿಂದಲೇ ನಮ್ಮ ಕೆಲಸ ಶುರುವಾಯಿತು.

ಅಣ್ಣನ ಮಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದವನನ್ನು ಕೂರಿಸಿಕೊಂಡು ನನ್ನ ಫೋನಿನ ಒಂದೊಂದೇ ಸೆಟ್ಟಿಂಗ್ ನೋಡುತ್ತಾ ಹೋದೆವು. ಅವನು ಮೊದಲು ಕೇಳಿದ್ದು ಬೆರಳಚ್ಚಿನ ಬಗ್ಗೆ. ‘ಅತ್ತಿ, ಬೆರಳನ್ನ ಯಾರರ ಹಿಡಿದು ಒತ್ತಸಬಹುದು. ತಲ್ಯಾಗಿರೋ ನಂಬರ್ ತಗಿಯಾಕ ಬರಲ್ಲ’ ಅಂದ. ಕಾನೂನಿನಲ್ಲೂ ಈ ವ್ಯತ್ಯಾಸಕ್ಕೆ ಹಳೆಯ ಬೇರಿದೆ. ಬೆರಳಚ್ಚು ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಅಲ್ಲ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ ಕಾಥಿ ಕಾಲು ಓಘಡ್ ಕೇಸಿನಲ್ಲಿ ಹೇಳಿದೆ. ಸಂವಿಧಾನದ 20(3)ನೇ ವಿಧಿಯ ರಕ್ಷಣೆ ಬೆರಳಿಗೆ ಸಿಗುವುದು ಕಷ್ಟ.

ಪಾಸ್‌ವರ್ಡ್ ವಿಷಯದಲ್ಲಿ ಕೋರ್ಟುಗಳ ಮಾತು ಒಂದೇ ಥರ ಇಲ್ಲ. 2021ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟ್ ವೀರೇಂದ್ರ ಖನ್ನಾ ಕೇಸಿನಲ್ಲಿ, ಪಾಸ್‌ವರ್ಡ್ ಕೊಡು ಅನ್ನುವುದು 20(3)ಕ್ಕೆ ವಿರುದ್ಧ ಅಲ್ಲ ಅಂದಿತು. ಆರೋಪಿ ಒಪ್ಪದಿದ್ದರೆ ತನಿಖಾಧಿಕಾರಿ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು ಅಂತಲೂ ಹೇಳಿತು. 2022ರಲ್ಲಿ ದೆಹಲಿಯ ಒಂದು ಸಿಬಿಐ ವಿಶೇಷ ಕೋರ್ಟು ಇದಕ್ಕೆ ತಿರುಗಿ, ಪಾಸ್‌ವರ್ಡ್ ಹೇಳು ಅಂತ ಆರೋಪಿಯನ್ನು ಬಲವಂತ ಮಾಡುವಂತಿಲ್ಲ, ಬೆರಳಚ್ಚು ಬೇಕಾದರೆ ಪಡೆಯಬಹುದು ಅಂದಿತು. ನಾವು ಇರುವುದು ಕರ್ನಾಟಕದಲ್ಲಿ. ಹಾಗಾಗಿ ನಮ್ಮ ಹೈಕೋರ್ಟ್ ಹೇಳಿದ ಆ ವಾರಂಟ್ ಅನ್ನುವ ಹೆಜ್ಜೆ ನಮಗೆ ಬಹಳ ಮುಖ್ಯ. ಸುಮ್ನೆ ಬಾಯಿಮಾತಿನಲ್ಲಿ ‘ಲಾಕ್ ತೆಗಿ’ ಅಂದರೆ ಸಾಲದು ಅನ್ನಲು ಅದೇ ಆಧಾರ.

ಫೋನಿಗೆ ಉದ್ದನೆಯ ಪಾಸ್‌ವರ್ಡ್ ಹಾಕಿದೆವು, ಅಕ್ಷರ ಅಂಕಿ ಎರಡೂ ಸೇರಿಸಿ. ಪ್ಯಾಟರ್ನ್ ಬೇಡವೇ ಬೇಡ. ಪಕ್ಕದಲ್ಲಿ ನಿಂತವರು ಒಮ್ಮೆ ನೋಡಿದರೆ ನೆನಪಿಟ್ಟುಕೊಳ್ಳುತ್ತಾರೆ, ಗಾಜಿನ ಮೇಲೆ ಬೆರಳಿನ ಜಿಡ್ಡೂ ಉಳಿಯುತ್ತದೆ. ದಿನದ ಕೆಲಸಕ್ಕೆ ಬೆರಳಚ್ಚು ಇಟ್ಟುಕೊಂಡಿದ್ದೇನೆ, ಹೊಲದಲ್ಲಿ ನಿಂತು ಇಪ್ಪತ್ತು ಸಲ ಪಾಸ್‌ವರ್ಡ್ ಒತ್ತಲು ಆಗುವುದಿಲ್ಲ. ಆದರೆ ಆಂಡ್ರಾಯ್ಡ್‌ನಲ್ಲಿ ಲಾಕ್‌ಡೌನ್ ಅಂತ ಒಂದು ಆಯ್ಕೆ ಇದೆ. ಪವರ್ ಮೆನುವಿನಲ್ಲಿ ಅದನ್ನು ಒತ್ತಿದರೆ ಮುಂದಿನ ಸಲ ಬೆರಳಿಗೆ, ಮುಖಕ್ಕೆ ಫೋನ್ ತೆರೆಯುವುದಿಲ್ಲ, ಪಾಸ್‌ವರ್ಡೇ ಬೇಕು. ಐಫೋನಿನಲ್ಲಿ ಪಕ್ಕದ ಬಟನ್ನನ್ನೂ ವಾಲ್ಯೂಮ್ ಬಟನ್ನನ್ನೂ ಒಟ್ಟಿಗೆ ಹಿಡಿದು ಆಫ್ ಮಾಡುವ ಪರದೆ ಬರಿಸಿದರೆ ಅದೇ ಕೆಲಸ ಆಗುತ್ತದೆ. ಬಸ್ ನಿಧಾನ ಆಗುವಷ್ಟರಲ್ಲಿ ಚೀಲದೊಳಗೆ ಕೈ ಹಾಕಿ ಮಾಡಬಹುದು.

ಇದಕ್ಕಿಂತ ಗಟ್ಟಿಯಾದದ್ದು ಫೋನನ್ನು ಪೂರ್ತಿ ಆಫ್ ಮಾಡುವುದು. ಹುಡುಗ ಇದನ್ನು ಬಿಡಿಸಿ ಹೇಳಿದ. ಫೋನ್ ಆನ್ ಆದ ಮೇಲೆ ಒಮ್ಮೆ ಪಾಸ್‌ವರ್ಡ್ ಹಾಕಿದರೆ, ಒಳಗಿನದ್ದನ್ನು ಬಿಡಿಸುವ ಕೀಲಿ ಫೋನಿನ ಮೆಮೊರಿಯಲ್ಲಿ ಉಳಿಯುತ್ತದೆ. ಪರದೆ ಲಾಕ್ ಆಗಿದ್ದರೂ ಕೀಲಿ ಅಲ್ಲೇ ಇರುತ್ತದೆ. ಲಾಕ್ ಆದ ಫೋನಿನಿಂದ ಒಳಗಿನದ್ದನ್ನು ತೆಗೆಯಲು ತನಿಖೆಯವರ ಬಳಿ ಇರುವ ಸೆಲೆಬ್ರೈಟ್‌ನಂಥ ಯಂತ್ರಗಳಿಗೆ ಆಗ ಕೆಲಸ ಸುಲಭ. ಆಫ್ ಮಾಡಿ, ಪಾಸ್‌ವರ್ಡ್ ಹಾಕದೆ ಬಿಟ್ಟ ಫೋನ್ ಒಡೆಯುವುದು ಬಹಳ ಕಷ್ಟ. ಅದಕ್ಕೇ ಈಗ ಐಫೋನು ಮೂರು ದಿನ ಯಾರೂ ತೆರೆಯದಿದ್ದರೆ ತಾನೇ ರೀಸ್ಟಾರ್ಟ್ ಆಗುತ್ತದೆ. ಆಂಡ್ರಾಯ್ಡ್‌ಗೂ 2025ರಲ್ಲಿ ಇಂಥದ್ದೇ ವ್ಯವಸ್ಥೆ ಬಂತು. ಫೋನಿನ ಅಪ್‌ಡೇಟ್ ಮುಂದೂಡಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಕೇ?

ವಾಟ್ಸ್ಆ್ಯಪ್‌ಗೆ ಜಾಸ್ತಿ ಹೊತ್ತು ಹಿಡಿಯಿತು. ಸಂಘದ ಚಾಟ್‌ಗಳಿಗೆಲ್ಲ ತಾನಾಗಿ ಮಾಯವಾಗುವ ಮೆಸೇಜ್ ಆಯ್ಕೆ ಹಾಕಿದೆವು. 24 ಗಂಟೆ, 7 ದಿನ, 90 ದಿನ ಅಂತ ಮೂರು ಅವಧಿ ಇರುತ್ತದೆ. ನಾವು 7 ದಿನ ಇಟ್ಟೆವು. ಕೇಸಿಗೆ ಬೇಕಾಗುವ ಫೋಟೊಗಳನ್ನು ಆಯಾ ಹೆಣ್ಣುಮಗಳ ಒಪ್ಪಿಗೆ ಕೇಳಿ ಆಫೀಸಿನ ಲಾಕ್ ಇರುವ ಡ್ರೈವಿಗೆ ಹಾಕಿ, ಫೋನಿನಿಂದ ತೆಗೆಯುತ್ತೇವೆ. ಬರುವ ಫೋಟೊ ಗ್ಯಾಲರಿಗೆ ಇಳಿಯದಂತೆ ಮಾಡಿದೆವು. ಲಾಕ್ ಪರದೆಯ ಮೇಲೆ ಮೆಸೇಜ್ ಕಾಣದಂತೆ ಮಾಡಿದೆವು. ಫೋನ್ ಲಾಕ್ ಇದ್ದರೂ ‘ಅಕ್ಕಾ ನನ್ನ ಗಂಡ’ ಅಂತ ಶುರುವಾಗುವ ಸಾಲು ಮೇಲೆ ಮಿನುಗಿದರೆ ಲಾಕ್ ಇದ್ದು ಏನು ಪ್ರಯೋಜನ? ಗೂಗಲ್ ಡ್ರೈವಿಗೆ ಹೋಗುವ ಬ್ಯಾಕಪ್‌ಗೆ ಬೇರೆ ಪಾಸ್‌ವರ್ಡ್ ಹಾಕಬೇಕು, ಇಲ್ಲದಿದ್ದರೆ ಚಾಟ್ ಭದ್ರ ಇದ್ದರೂ ಅದರ ಪ್ರತಿ ಭದ್ರ ಇರುವುದಿಲ್ಲ. ಗೂಗಲ್ ಫೋಟೊಸ್‌ನಲ್ಲಿ ಅಳಿಸಿದ್ದು ಕಸದ ಡಬ್ಬಿಯಲ್ಲಿ 60 ದಿನದ ತನಕ ಕೂತಿರಬಹುದು. ಅದನ್ನೂ ಖಾಲಿ ಮಾಡುವುದು ರೂಢಿ ಆಯಿತು.

ಇಲ್ಲಿ ವಕೀಲರು ಒಂದು ಗೆರೆ ಎಳೆದರು. ಅದನ್ನು ಯಾರೂ ದಾಟಬಾರದು ಅಂತ ನಾನೂ ಒತ್ತಿ ಹೇಳುತ್ತೇನೆ. ಅಳಿಸುವುದು ದಿನದ ರೂಢಿ ಆಗಿರಬೇಕು. ಪೊಲೀಸರು ಕೇಳಿದ ಮೇಲೆ, ನೋಟಿಸ್ ಬಂದ ಮೇಲೆ, ಕೇಸು ಆಗುತ್ತದೆ ಅಂತ ಗೊತ್ತಾದ ಮೇಲೆ ಒಂದು ಅಕ್ಷರವನ್ನೂ ಅಳಿಸಬಾರದು. ಅಂಥ ಹೊತ್ತಿನಲ್ಲಿ ಮಾಯವಾಗುವ ಆಯ್ಕೆಯನ್ನೂ ಆ ಚಾಟ್‌ನಲ್ಲಿ ನಿಲ್ಲಿಸಬೇಕು. ಸಾಕ್ಷ್ಯ ನಾಶ ಮಾಡುವುದು ನ್ಯಾಯ ಸಂಹಿತೆಯ 238, 241ನೇ ಸೆಕ್ಷನ್‌ಗಳ ಅಡಿ ಅಪರಾಧ. ನಮ್ಮದು ಮುಚ್ಚಿಡುವ ಕೆಲಸ ಆಗಬಾರದು. ಸಂಬಂಧ ಇಲ್ಲದವರ ಬದುಕು ಬಯಲಾಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಉದ್ದೇಶ.

ಇನ್ನೊಂದು ಚಿಕ್ಕ ವಿಷಯ, ಆದರೆ ದಿನಾ ಎದುರಾಗುವಂಥದ್ದು. ಟ್ರಾಫಿಕ್ ಪೊಲೀಸರು ಲೈಸೆನ್ಸ್ ಕೇಳಿದಾಗ ನಾವೇ ಫೋನ್ ಬಿಚ್ಚಿ ಅವರ ಕೈಗೆ ಕೊಡುತ್ತೇವೆ. ಡಿಜಿಲಾಕರ್‌ನಲ್ಲಿ ತೋರಿಸಿದರೆ ನಡೆಯುತ್ತದೆ ನಿಜ. ಆದರೆ ತೆರೆದ ಫೋನು ಬೇರೆಯವರ ಕೈಗೆ ಹೋಗುವುದು ಆಗಲೇ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ ಮಾಡುವ ಆಯ್ಕೆ ಇದೆ, ಐಫೋನಿನಲ್ಲಿ ಗೈಡೆಡ್ ಆ್ಯಕ್ಸೆಸ್. ಬಿಡಿಸುವಾಗ ಪಾಸ್‌ವರ್ಡ್ ಕೇಳುವಂತೆ ಇಟ್ಟು ಒಂದು ಆ್ಯಪ್ ಪಿನ್ ಮಾಡಿದರೆ, ಪಾಸ್‌ವರ್ಡ್ ಇಲ್ಲದೆ ಫೋನಿನ ಬೇರೆ ಕಡೆ ಹೋಗಲು ಆಗುವುದಿಲ್ಲ. ನಮ್ಮ ಹುಡುಗಿಯರಿಗೆ ಅದನ್ನೂ ಕಲಿಸಿದೆವು. ಆದರೂ ನನ್ನ ಸಲಹೆ ಕೇಳಿದರೆ, ಪ್ಲಾಸ್ಟಿಕ್ ಕಾರ್ಡೇ ಪರ್ಸಿನಲ್ಲಿ ಇಟ್ಟುಕೊಳ್ಳಿ. ಗಾಡಿ ಕಾಗದವೂ ಜೊತೆಗಿರಲಿ. ಫೋನ್ ತೆಗೆಯುವ ಪ್ರಸಂಗವೇ ಬರುವುದಿಲ್ಲ.

ಇಷ್ಟೆಲ್ಲ ತಯಾರಿಗೆ ನಿಜವಾದ ಪರೀಕ್ಷೆ ಬಂದದ್ದು ಆಮೇಲೆ, 2024ರ ಜುಲೈ 1ರಂದು ಹೊಸ ಕಾನೂನುಗಳು ಜಾರಿಗೆ ಬಂದ ಮೇಲೆ.

ಜಿಲ್ಲೆಯ ಒಂದು ಹಳ್ಳಿಯ ಹುಡುಗಿ. ಸೋದರಮಾವನಿಗೇ ಕೊಡುತ್ತೇವೆ ಅಂತ ಮನೆಯಲ್ಲಿ ಹಟ ಹಿಡಿದಿದ್ದರು. ಮೇಜರ್ ಇದ್ದಳು, ನರ್ಸಿಂಗ್ ಓದುವ ಆಸೆ ಇತ್ತು. ಮನೆ ಬಿಟ್ಟು ಹೊರಟಳು. ನನಗೆ ಫೋನ್ ಮಾಡಿದಳು, ನಮ್ಮ ಜೊತೆಗಾರ್ತಿಯ ಮನೆಯಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಬೆಂಗಳೂರು ಬಸ್ ಹತ್ತಿದಳು. ಅಪ್ಪ ಅವ್ವ ಕಾಣೆಯಾದ ದೂರು ಕೊಟ್ಟರು. ಠಾಣೆಯಿಂದ ನನಗೆ ಫೋನ್ ಬಂತು. ‘ಮೇಡಂ, ಫೋನ್ ತಗೊಂಡು ಬರ್ರಿ. ಎರಡು ದಿನ ಇಟ್ಕೊಂಡು ಕೊಡ್ತೀವಿ. ತಪ್ಪೇನಿಲ್ಲ ಅಂದ್ರ ಯಾಕ ಅಂಜ್ತೀರಿ?’

ಈ ಪ್ರಶ್ನೆಗೆ ಎಷ್ಟೋ ಜನ ಸೋತು ಫೋನ್ ಕೊಟ್ಟುಬಿಡುತ್ತಾರೆ. ನನ್ನ ಉತ್ತರ ಸಿದ್ಧ ಇತ್ತು. ‘ಸರ್, ಹುಡುಗಿ ಕ್ಷೇಮ ಅದಾಳ. ಮೇಜರ್ ಅದಾಳ. ತಾನ ಬಂದು ಹೇಳಿಕೆ ಕೊಡ್ತೀನಿ ಅಂದಾಳ. ನಿಮಗ ಏನು ಬೇಕಂತ ನೋಟಿಸ್‌ನ್ಯಾಗ ಬರದು ಕಳಸ್ರಿ, ನಾ ಸಹಕಾರ ಕೊಡ್ತೀನಿ’ ಅಂದೆ. ಹುಡುಗಿಯನ್ನು ಕೇಳಿಯೇ ಅಷ್ಟು ಹೇಳಿದ್ದು. ಸಾಕ್ಷಿಯಾಗಿ ವಿಚಾರಿಸಬೇಕಾದ ಹೆಂಗಸನ್ನು ಆಕೆ ಇರುವ ಮನೆ ಬಿಟ್ಟು ಬೇರೆಲ್ಲಿಗೂ ಬಾ ಅಂತ ಒತ್ತಾಯ ಮಾಡುವಂತಿಲ್ಲ, ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಹಾಗೆ ಹೇಳುತ್ತದೆ. ತಾನೇ ಮನಸ್ಸು ಮಾಡಿ ಠಾಣೆಗೆ ಹೋಗುತ್ತೇನೆ ಅಂದರೆ ಹೋಗಬಹುದು. ನಾನು ಮನೆಗೇ ಬನ್ನಿ ಅಂದೆ.

ನೋಟಿಸ್ ಬಂತು, ಅದೇ ಸಂಹಿತೆಯ 94ನೇ ಸೆಕ್ಷನ್ ಅಡಿಯಲ್ಲಿ. ಹಳೆ ಕಾನೂನಿನ 91ನೇ ಸೆಕ್ಷನ್ನೇ ಇದು. ಹೊಸದರಲ್ಲಿ ಡಿಜಿಟಲ್ ಸಾಕ್ಷ್ಯ ಇರಬಹುದಾದ ಸಾಧನಗಳನ್ನೂ ಸ್ಪಷ್ಟವಾಗಿ ಸೇರಿಸಿದ್ದಾರೆ, ಅಂದರೆ ಫೋನ್ ಕೇಳುವ ಅಧಿಕಾರ ಕಾಗದದ ಮೇಲೆ ದೊಡ್ಡದಾಗಿದೆ. ವಕೀಲರು ಉತ್ತರ ಬರೆದರು. ತನಿಖೆಗೆ ಬೇಕಿರುವುದು ಒಬ್ಬ ಹುಡುಗಿಯ ನಂಬರಿನ ಜೊತೆ ಇಂಥ ದಿನಗಳಲ್ಲಿ ಆದ ಕರೆ ಮತ್ತು ಮೆಸೇಜು. ಅದನ್ನು ಪೂರ್ತಿ ಕೊಡುತ್ತೇವೆ. ಫೋನಿನಲ್ಲಿ ಬೇರೆ ಸಂತ್ರಸ್ತರ ಗುರುತು ಇರುವುದರಿಂದ ಉಳಿದದ್ದು ಬೇಡ. ಅಧಿಕಾರಿ ಮಹಿಳಾ ಕಾನ್‌ಸ್ಟೆಬಲ್ ಜೊತೆ ಮನೆಗೆ ಬಂದರು. ಫೋನ್ ನನ್ನ ಕೈಯಲ್ಲೇ ಇತ್ತು. ಆ ಒಂದು ಚಾಟ್ ತೆರೆದು ತೋರಿಸಿದೆ, ಪ್ರಿಂಟ್ ತೆಗೆಸಿ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರದ ಪ್ರಮಾಣಪತ್ರ ಸೇರಿಸಿ ಕೊಟ್ಟೆವು. ಅವರು ಒಪ್ಪಿಕೊಂಡರು. ಮರ್ಯಾದೆಯಿಂದಲೇ ನಡೆದುಕೊಂಡರು, ಚಹಾ ಕುಡಿದು ಹೋದರು. ಕಾನೂನಿನ ದಾರಿ ಎರಡೂ ಕಡೆಯವರಿಗೆ ಗೊತ್ತಿದ್ದರೆ ಕೆಲಸ ಹೀಗೂ ಆಗುತ್ತದೆ ಅಂತ ನನಗೆ ಬಹಳ ಸಮಾಧಾನ ಆಯಿತು.

ಜೊತೆಗಾರ್ತಿಗೆ ಹಾಗಾಗಲಿಲ್ಲ. ಅದೇ ಸಂಜೆ ಅವಳ ಮನೆಗೆ ಬೇರೆ ಇಬ್ಬರು ಪೊಲೀಸರು ಬಂದಿದ್ದರು. ಯಾವ ಕಾಗದವೂ ಇಲ್ಲ. ‘ಲಾಕ್ ತೆಗೀರಿ’ ಅಂದರು. ಅವಳು ಲಾಕ್ ತೆಗೆಯಲಿಲ್ಲ, ಫೋನ್ ಹಿಡಿದುಕೊಂಡು ಜಗ್ಗಾಡಲೂ ಇಲ್ಲ. ‘ನನ್ನ ಒಪ್ಪಿಗಿ ಇಲ್ರಿ, ಮಹಜರ್ ಬರದು ತಗೋರಿ’ ಅಂತ ಅಕ್ಕಪಕ್ಕದವರಿಗೆ ಕೇಳುವ ಹಾಗೆ ಹೇಳಿದಳು. ಆ ಧೈರ್ಯ ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಅವರು ಫೋನ್ ತೆಗೆದುಕೊಂಡೇ ಹೋದರು. ವಕೀಲರು ರಾತ್ರಿಯೇ ಠಾಣೆಗೆ ಹೋದ ಮೇಲೆ ಮಹಜರ್ ಬರೆದರು.

ಮಹಜರ್‌ನಲ್ಲಿ ಏನಿರಬೇಕು ಅನ್ನುವುದನ್ನು ಅವತ್ತು ನಾವು ಸರಿಯಾಗಿ ಕಲಿತೆವು. ಫೋನಿನ ಕಂಪನಿ, ಬಣ್ಣ, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರು ಎರಡೂ, ಸಿಮ್ ನಂಬರು, ಮೆಮೊರಿ ಕಾರ್ಡ್ ಇದೆಯೋ ಇಲ್ಲವೋ. ತೆಗೆದುಕೊಂಡಾಗ ಆನ್ ಇತ್ತೋ ಆಫ್ ಇತ್ತೋ. ಅರಗಿನ ಸೀಲ್ ಹಾಕಿದ್ದು, ಪಂಚರ ಸಹಿ. ಐಎಂಇಐ ನಂಬರನ್ನು ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಮೊದಲೇ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದು ಬಹಳ ಉಪಯೋಗಕ್ಕೆ ಬಂತು, ಫೋನೇ ಹೋದ ಮೇಲೆ ನಂಬರ್ ಎಲ್ಲಿಂದ ತರುವುದು? ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು, ಆ ವಿಡಿಯೊ ತಡ ಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಎಲ್ಲಿ ವಿಡಿಯೊ ಅಂತ ನಾವು ಲಿಖಿತವಾಗಿ ಕೇಳಿದೆವು. ಠಾಣೆಯಲ್ಲಿ ಜಪ್ತಿ ಮಾಡಿದ ವಸ್ತುವಿಗೆ ಪಿ.ಎಫ್. ನಂಬರ್ ಅಂತ ಕೊಡುತ್ತಾರೆ. ಅದನ್ನು ಬರೆದುಕೊಂಡು ಬಂದೆವು. ಆ ನಂಬರ್ ಇಲ್ಲದೆ ಮುಂದೆ ಯಾವ ಕಚೇರಿಯಲ್ಲೂ ಮಾತು ನಡೆಯುವುದಿಲ್ಲ.

‘ಫೋನ್ ಹುಡುಕುವ ಆಯ್ಕೆಯಿಂದ ದೂರದಿಂದಲೇ ಎಲ್ಲಾ ಅಳಿಸಿಬಿಡ್ರಿ’ ಅಂತ ಯಾರೋ ಅವಳಿಗೆ ಸಲಹೆ ಕೊಟ್ಟರು. ವಕೀಲರು ಖಡಾಖಂಡಿತವಾಗಿ ಬೇಡ ಅಂದರು. ಜಪ್ತಿಯಾದ ಫೋನನ್ನು ಅಳಿಸಿದರೆ ಸಾಕ್ಷಿಯಾಗಿದ್ದವಳು ಆರೋಪಿ ಆಗುತ್ತಾಳೆ. ಹೊಸ ಸಿಮ್ ತೆಗೆಸಿದ್ದು, ಬ್ಯಾಂಕಿನ ಮತ್ತು ಮೇಲ್‌ನ ಪಾಸ್‌ವರ್ಡ್ ಬದಲಿಸಿದ್ದು, ಅದೂ ಅವರನ್ನು ಕೇಳಿಕೊಂಡೇ.

ಹುಡುಗಿ ಬಂದಳು. ಮ್ಯಾಜಿಸ್ಟ್ರೇಟರ ಮುಂದೆ 183ನೇ ಸೆಕ್ಷನ್ ಅಡಿ ಹೇಳಿಕೆ ಕೊಟ್ಟಳು. ನನ್ನ ಇಚ್ಛೆಯಿಂದ ಹೋಗಿದ್ದೇನೆ, ಓದುತ್ತೇನೆ ಅಂದಳು. ಅಲ್ಲಿಗೆ ಅವಳ ವಿಷಯ ಬಗೆಹರಿಯಿತು. ಜೊತೆಗಾರ್ತಿಯ ಫೋನು ಮಾತ್ರ ಠಾಣೆಯ ಬೀರುವಿನಲ್ಲೇ ಉಳಿಯಿತು.

ಬಿಡಿಸಿಕೊಳ್ಳಲು ಜೆಎಂಎಫ್‌ಸಿ, ಅಂದರೆ ಮ್ಯಾಜಿಸ್ಟ್ರೇಟ್, ಕೋರ್ಟಿಗೆ ಅರ್ಜಿ ಹಾಕಿದೆವು. ಸುರಕ್ಷಾ ಸಂಹಿತೆಯ 497, 503ನೇ ಸೆಕ್ಷನ್‌ಗಳು ಇದಕ್ಕೇ ಇವೆ. ಜಪ್ತಿ ಮಾಡಿದ ವಸ್ತುಗಳನ್ನು ಠಾಣೆಗಳಲ್ಲಿ ಸುಮ್ನೆ ಬಹಳ ದಿನ ಇಡಬಾರದು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ಹೇಳಿದ್ದನ್ನು ವಕೀಲರು ಅರ್ಜಿಯಲ್ಲಿ ಬರೆದರು. 2021ರ ನಮ್ಮ ಹೈಕೋರ್ಟ್ ತೀರ್ಪಿನ ಇನ್ನೊಂದು ಮಾತನ್ನೂ ಎತ್ತಿ ಬರೆಸಿದೆ. ಫೋನಿನಲ್ಲಿ ಸಿಕ್ಕ ವಿವರವನ್ನು ಕೋರ್ಟಿನ ಲಿಖಿತ ಅನುಮತಿ ಇಲ್ಲದೆ ತನಿಖಾಧಿಕಾರಿ ಮೂರನೆಯವರಿಗೆ ಕೊಡುವಂತಿಲ್ಲ. ನನಗೆ ನಿದ್ದೆ ಕೆಡಿಸಿದ್ದು ಇದೇ ವಿಷಯ. ಊರು ಚಿಕ್ಕದು, ಠಾಣೆಗೆ ಬಂದು ಹೋಗುವವರು ಎಲ್ಲರಿಗೂ ನೆಂಟರು. ಒಬ್ಬ ಹೆಣ್ಣುಮಗಳ ಫೋಟೊ ಅಲ್ಲಿಂದ ಹೊರಬಿದ್ದರೆ ಅವಳು ಹಳ್ಳಿಗೆ ಹೋಗುವುದು ಹೇಗೆ? ಪ್ರತಿ ತೆಗೆದಿದ್ದರೆ ಅದರ ಹ್ಯಾಶ್ ಮೌಲ್ಯ ದಾಖಲಾಗಲಿ ಅಂತಲೂ ಕೇಳಿದೆವು. ಹ್ಯಾಶ್ ಅಂದರೆ ಫೈಲಿನಿಂದ ಲೆಕ್ಕ ಹಾಕಿ ಬರುವ ಒಂದು ಉದ್ದ ಸಂಖ್ಯೆ. ಒಳಗೆ ಒಂದು ಚುಕ್ಕಿ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಆಮೇಲೆ ಯಾರಾದರೂ ಏನಾದರೂ ಸೇರಿಸಿದ್ದರೆ ಗೊತ್ತಾಗುವುದು ಅದರಿಂದಲೇ.

ಬಾಂಡ್ ಬರೆದುಕೊಟ್ಟು, ಜಾಮೀನುದಾರರನ್ನು ಕರೆದುಕೊಂಡು ಹೋಗಿ, ಮಾರುವುದಿಲ್ಲ, ಕೇಳಿದಾಗ ಹಾಜರುಪಡಿಸುತ್ತೇವೆ ಅಂತ ಒಪ್ಪಿ ಫೋನ್ ತಂದೆವು. ತಿಂಗಳುಗಳೇ ಹಿಡಿದವು. ಬರೀ ಸಾಕ್ಷಿಯಾದವಳಿಗೆ ಇಷ್ಟು ಅಲೆದಾಟ ಆಗಬಾರದು. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಜೋಳದ ರಾಶಿ ಬಿಟ್ಟು, ಕೂಲಿ ಬಿಟ್ಟು ಕೋರ್ಟಿಗೆ ಬರುವ ಶಕ್ತಿ ನಮ್ಮ ಎಷ್ಟು ಹೆಣ್ಣುಮಕ್ಕಳಿಗೆ ಇದೆ? ಒಂದು ಮಾತು ಎಲ್ಲರೂ ತಿಳಿದಿರಲಿ, ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. 15100ಕ್ಕೆ ಫೋನ್ ಮಾಡಬಹುದು. ವಾಪಸ್ ಬಂದ ಫೋನನ್ನು ಅವಳು ಮತ್ತೆ ಸಂಘದ ಕೆಲಸಕ್ಕೆ ಬಳಸಲಿಲ್ಲ. ಬೇರೆಯವರ ಕೈಯಲ್ಲಿ ಅಷ್ಟು ದಿನ ಇದ್ದ ಫೋನನ್ನು ನಂಬುವುದು ಬೇಡ ಅಂತ ಎಲ್ಲರೂ ಸೇರಿ ತೀರ್ಮಾನಿಸಿದೆವು. ಆಫ್ ಮಾಡಿ ಲಕೋಟೆಯಲ್ಲಿ ಹಾಕಿ ಇಟ್ಟಿದ್ದೇವೆ, ಕೋರ್ಟ್ ಕೇಳಿದರೆ ಕೊಡಲು.

ಇದಾದ ಮೇಲೆ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಕೆಲಸ ಬಂತು. ಅಲ್ಲಿನ ಗಡಿಯ ನಿಯಮವೇ ಬೇರೆ. ಒಳಗೆ ಬರುವವರ ಫೋನನ್ನು ಅಲ್ಲಿನ ಅಧಿಕಾರಿಗಳು ವಾರಂಟ್ ಇಲ್ಲದೆ ನೋಡಬಹುದು. ಕೈಯಲ್ಲಿ ಹಿಡಿದು ನೋಡುವುದು ಒಂದು ಥರ, ಯಂತ್ರಕ್ಕೆ ಜೋಡಿಸಿ ಪ್ರತಿ ತೆಗೆಯುವುದು ಇನ್ನೊಂದು ಥರ. ಎರಡನೆಯದಕ್ಕೆ ಸಕಾರಣ ಸಂಶಯವೋ ದೇಶದ ಭದ್ರತೆಯ ಕಾರಣವೋ ಇರಬೇಕು, ಮೇಲಧಿಕಾರಿಯ ಒಪ್ಪಿಗೆಯೂ ಬೇಕು ಅಂತ ಅವರ 2018ರ ನಿಯಮ ಹೇಳುತ್ತದೆ. ಫೋನಿನೊಳಗೆ ಇರುವುದನ್ನಷ್ಟೇ ನೋಡಬೇಕು, ಕ್ಲೌಡ್‌ನಲ್ಲಿ ಇರುವುದನ್ನಲ್ಲ ಅಂತಲೂ ಇದೆ. 2024ರ ಆರ್ಥಿಕ ವರ್ಷದಲ್ಲಿ ಅವರು 47 ಸಾವಿರದಷ್ಟು ಜನರ ಸಾಧನ ನೋಡಿದ್ದರು. ದಾಟಿದವರು 40 ಕೋಟಿಗೂ ಜಾಸ್ತಿ. ಹಾಗಾಗಿ ಕೇಳುವುದು ಅಪರೂಪ. ಆದರೆ ಅಲ್ಲಿನ ಪ್ರಜೆಗಳು ಪಾಸ್‌ವರ್ಡ್ ಕೊಡದಿದ್ದರೂ ಒಳಗೆ ಬಿಡಲೇಬೇಕು, ನಮ್ಮಂಥ ವೀಸಾದವರನ್ನು ವಾಪಸ್ ಕಳಿಸಬಹುದು. ಬ್ರಿಟನ್ನಿನಲ್ಲಿ 2000ದ ಭಯೋತ್ಪಾದನೆ ಕಾಯ್ದೆಯ 7ನೇ ಷೆಡ್ಯೂಲ್ ಅಡಿ ತಡೆದಾಗ ಪಾಸ್‌ವರ್ಡ್ ಕೊಡದಿದ್ದರೆ ಕೇಸೇ ಆಗಬಹುದು. ಯಾವ ದೇಶಕ್ಕೆ ಹೋಗುತ್ತೀರೋ ಅಲ್ಲಿಯದನ್ನು ಹೊರಡುವ ಮುಂಚೆ ತಿಳಿದುಕೊಳ್ಳಬೇಕು.

ಗಡಿಯಲ್ಲಿ ನಿಂತು ಇಲ್ಲ ಅನ್ನುವುದು ನನ್ನಿಂದ ಆಗುತ್ತಿರಲಿಲ್ಲ. ಮಗಳು ದಿನ ತುಂಬಿ ಕೂತಿದ್ದಳು. ಆದ್ದರಿಂದ ಸಂಘದ ಫೋನನ್ನು ಜೊತೆಗೆ ಒಯ್ಯಲೇ ಇಲ್ಲ. ಆಫ್ ಮಾಡಿ ಬೀಗದ ಕಪಾಟಿನಲ್ಲಿ ಇಟ್ಟೆ. ಮನೆಯವರ ಹಳೆ ಫೋನನ್ನು ಪೂರ್ತಿ ರೀಸೆಟ್ ಮಾಡಿ, ಹೊಸ ಸಿಮ್ ಹಾಕಿ, ಟಿಕೆಟ್, ವಿಮೆ, ಮನೆಯವರ ನಂಬರು ಇಟ್ಟುಕೊಂಡೆ. ಸಂಘದ ಮೇಲ್ ಅದರಲ್ಲಿ ತೆರೆಯಲೇ ಇಲ್ಲ. ತೀರಾ ಖಾಲಿ ಫೋನು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ, ಅದಕ್ಕೆ ಸೀಮಂತದ ಫೋಟೊ, ಮನೆಯವರ ಫೋಟೊ ಹಾಕಿದೆ. ಕೇಳಿದರೆ ಸುಳ್ಳು ಹೇಳುವಂತಿಲ್ಲ. ‘ಇದು ಪ್ರಯಾಣದ ಫೋನು, ಕೆಲಸದ್ದು ಮನೆಯಲ್ಲಿದೆ’ ಅಂತ ಇದ್ದದ್ದನ್ನೇ ಹೇಳುವುದು. ವೀಸಾ ಅರ್ಜಿಯಲ್ಲಿ ಐದು ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರು ಕೇಳಿದ್ದರು. ಅದನ್ನೂ ಇದ್ದ ಹಾಗೇ ಬರೆದಿದ್ದೆ.

ಅಬುಧಾಬಿಯಲ್ಲಿ ವಿಮಾನ ಬದಲಿಸಬೇಕಿತ್ತು. ಅಮೆರಿಕದ ಅಧಿಕಾರಿಗಳು ಅಲ್ಲೇ ಕೂತು ತಪಾಸಣೆ ಮಾಡುತ್ತಾರೆ. ಸಾಲಿನಲ್ಲಿ ನಿಲ್ಲುವ ಮುಂಚೆ ಫೋನ್ ಆಫ್ ಮಾಡಿದೆ. ಎಷ್ಟು ದಿನ ಇರುತ್ತೀರಿ, ಚೀಲದಲ್ಲಿ ತಿನ್ನುವುದು ಏನಿದೆ ಅಂತ ಕೇಳಿದರು. ಗುರೆಳ್ಳು ಪುಡಿ, ಶೇಂಗಾ ಪುಡಿ, ಬಾಣಂತಿಗೆ ಮಾಡಿದ ಅಂಟಿನುಂಡಿ. ಫೋನ್ ಕೇಳಲಿಲ್ಲ. ಪಕ್ಕದ ಸಾಲಿನ ಹುಡುಗನೊಬ್ಬನನ್ನು ಫೋನ್ ಸಮೇತ ಒಳಗಿನ ಕೋಣೆಗೆ ಕರೆದುಕೊಂಡು ಹೋದರು.

ಈಗ ತಾಲ್ಲೂಕಿಗೊಂದು ಕಡೆ ನಮ್ಮ ಹೆಣ್ಣುಮಕ್ಕಳಿಗೆ ಇದನ್ನೆಲ್ಲ ಕಲಿಸುತ್ತಿದ್ದೇವೆ. ಸಿಂಧನೂರಿನಲ್ಲಿ ಒಬ್ಬಳು ಎದ್ದು, ‘ಅಕ್ಕಾ, ಕಲಂ ಎಲ್ಲಾ ಖರೇನ, ಕಪಾಳಿಗೆ ಹೊಡದು ಕಸಗೊಂಡ್ರ?’ ಅಂದಳು. ಕೇಳಬೇಕಾದ ಪ್ರಶ್ನೆಯೇ ಅದು. ಕಸಿದುಕೊಂಡರೆ ಜಗಳ ಆಡಬೇಡ, ಜೀವ ದೊಡ್ಡದು ಅಂದೆ. ಒಪ್ಪಿಗೆ ಇಲ್ಲ ಅಂತ ಒಂದು ಸಲ ಜೋರಾಗಿ ಹೇಳು. ಎದೆಯ ಮೇಲಿನ ಹೆಸರು, ಗಾಡಿ ನಂಬರು, ಹೊತ್ತು, ಜಾಗ ನೆನಪಿಟ್ಟುಕೋ. ಮನೆಗೆ ಬಂದ ತಕ್ಷಣ ಕಾಗದದ ಮೇಲೆ ಬರೆದು ಅವತ್ತೇ ನಮಗೆ ತಿಳಿಸು. ವಕೀಲರ ನಂಬರನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಂಡರೆ ಆಗ ಸಿಗುವುದಿಲ್ಲ, ಬಾಯಿಪಾಠ ಮಾಡಿಕೋ. ಅವತ್ತು ಸಭೆ ಮುಗಿಯುವಷ್ಟರಲ್ಲಿ ಎಲ್ಲರೂ ಆ ಹತ್ತು ಅಂಕಿ ತಪ್ಪಿಲ್ಲದೆ ಹೇಳುತ್ತಿದ್ದರು. ಮುಂದಿನ ಸಭೆ ಲಿಂಗಸುಗೂರಿನಲ್ಲಿ.